ಹೂಕುಂಡದ ಕೆಳಗೆ ಸಿಕ್ಕಿದ್ದು ನಾಗರಮರಿ ಅಲ್ಲ, ಹೊಡೀಬೇಡಿ

ಮಳೆ ಬಿದ್ದ ಮೇಲೆ ಬಚ್ಚಲಲ್ಲೋ ಹೂಕುಂಡದ ಕೆಳಗೋ ಎರೆಹುಳುವಿನಷ್ಟು ಸಣ್ಣ, ಮಿರಮಿರ ಮಿಂಚುವ ಕಪ್ಪು ಜೀವಿ ಕಂಡರೆ ಅದು ಬಹುತೇಕ ಕುರುಡು ಹಾವು. ಪೂರ್ತಿ ಬೆಳೆದರೂ 15 ಸೆಂ.ಮೀ. ದಾಟುವುದು ಅಪರೂಪ. ನಾಗರಮರಿ ಮೊಟ್ಟೆಯಿಂದ ಹೊರಬರುವಾಗಲೇ ಇದಕ್ಕಿಂತ ಉದ್ದ ಇರುತ್ತದೆ, ಹೆಡೆಯನ್ನೂ ಬಿಚ್ಚುತ್ತದೆ.

ಸ್ವಲ್ಪ ಬಗ್ಗಿ ನೋಡಿ. ಎರೆಹುಳುವಿನ ಮೈತುಂಬ ಉಂಗುರ, ಲೋಳೆ. ಇದರ ಮೈ ಒಣ, ನುಣುಪು. ತಲೆ, ಬಾಲ ಎರಡೂ ಮೊಂಡು; ಕಣ್ಣು ಅಂದರೆ ಹುರುಪೆಯಡಿ ಎರಡು ಕಪ್ಪು ಚುಕ್ಕಿ, ಅಷ್ಟೇ. ಸಣ್ಣ ನಾಲಿಗೆ ಹೊರಗೆ ಹಾಕಿದರೆ ಹಾವೆನ್ನುವುದು ಖಾತ್ರಿ. ಬಾಲದ ತುದಿಯಲ್ಲಿ ಪುಟ್ಟ ಮುಳ್ಳಿದೆ, ಹಿಡಿದರೆ ಅದನ್ನು ಒತ್ತುತ್ತದೆ. ಕಚ್ಚಿತು ಅಂತ ಜನ ಕಿರುಚುವುದು ಅದಕ್ಕೇ! ವಿಷ ಇಲ್ಲವೇ ಇಲ್ಲ. ತಿನ್ನುವುದು ಇರುವೆ, ಗೆದ್ದಲಿನ ಮೊಟ್ಟೆ ಮರಿಗಳನ್ನು. ಇವುಗಳಲ್ಲಿ ಗಂಡೇ ಇಲ್ಲ, ಹೆಣ್ಣು ಒಂಟಿಯಾಗಿಯೇ ಮರಿ ಮಾಡುತ್ತದೆ. ಗಿಡದ ಮಣ್ಣಿನ ಜೊತೆ ಲೋಕವೆಲ್ಲ ಸುತ್ತಿರುವುದು ಹೀಗೇ.

ಕಾಗದದ ಮೇಲೆ ಹತ್ತಿಸಿಕೊಂಡು ಒದ್ದೆ ಮಣ್ಣಿಗೆ ಬಿಡಿ, ಸಾಕು.

ಮೈಮೇಲೆ ಪಟ್ಟೆ ಇದ್ದರೆ ಮಾತ್ರ ಈ ಧೈರ್ಯ ಬೇಡ. ವಿಷವಿಲ್ಲದ ತೋಳ ಹಾವಿನ ಪಟ್ಟೆ ಕುತ್ತಿಗೆ ಕಡೆ ಎದ್ದು ಕಂಡು ಬಾಲದತ್ತ ಮಾಸುತ್ತದೆ. ಕಡುವಿಷದ ಕಟ್ಟುಹಾವಿನದು ಸಾಮಾನ್ಯವಾಗಿ ಬಾಲದ ಕಡೆಯೇ ಸ್ಪಷ್ಟ. ಆದರೆ ರಾತ್ರಿ ಟಾರ್ಚ್ ಬೆಳಕಲ್ಲಿ ಇದನ್ನೆಲ್ಲ ನಂಬಿ ಕೈಹಾಕಬೇಡಿ. ದೂರ ನಿಂತು ಹಾವು ಹಿಡಿಯುವವರನ್ನು ಕರೆಸಿ.