ಹಳ್ಳದ ತಲೆ ಬೋಳಿಸಿದ ಮೇಲೆ

6 ಭಾನುವಾರ, ಸುಮಾರು 40 ಜನ, ಲೆಕ್ಕ ತಪ್ಪಿದಷ್ಟು ಗೋಣಿಚೀಲ. ಪಾರ್ಕಿನ ಹಿಂದೆ ಹರಿಯುವ ಹಳ್ಳದ ಎಡದಂಡೆಯಲ್ಲಿದ್ದ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆಯನ್ನೆಲ್ಲ ಬುಡಸಮೇತ ಕಿತ್ತು ಹಾಕಿದ್ದೆವು. ದಂಡೆ ಗುಡಿಸಿದ ಅಂಗಳದ ಹಾಗೆ ಕಾಣುತ್ತಿತ್ತು. ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಪಾರ್ಕಿನ ಗಿಡ ನೋಡಿಕೊಳ್ಳುವ ಹಿರಿಯರೊಬ್ಬರು ಕೈಕಟ್ಟಿ ನಿಂತಿದ್ದವರು, "ಹಳ್ಳಕ್ಕೆ ತಲೆ ಬೋಳಿಸಿಬಿಟ್ರಲ್ಲ ಸಾರ್" ಅಂದರು. ಮೆಚ್ಚಿ ಹೇಳಿದರು ಅಂದುಕೊಂಡು ನಕ್ಕೆ.

ಹದಿನೈದು ದಿನಕ್ಕೆ ಮಳೆ ಬಂತು, ಒಂದೇ ರಾತ್ರಿ. ಬೆಳಗ್ಗೆ ಹೋಗಿ ನೋಡಿದರೆ ದಂಡೆ ಮಂಚದಗಲ ಕುಸಿದು ನೀರಿಗೆ ಬಿದ್ದಿತ್ತು. ಸುತ್ತ ತಾರಸಿ, ರಸ್ತೆ, ಸಿಮೆಂಟು ಇರುವ ಕಡೆ ಮಳೆನೀರು ಇಂಗುವುದಿಲ್ಲ, ಎಲ್ಲವೂ ಒಟ್ಟಿಗೇ ಹಳ್ಳಕ್ಕೆ ನುಗ್ಗುತ್ತದೆ. ಆ ನುಗ್ಗಿಗೆ ತಡೆಯಾಗಿದ್ದದ್ದು ನಾವು ಬೈಯುತ್ತಿದ್ದ ಅದೇ ಲಂಟಾನದ ಬೇರು. ಮಣ್ಣು ಹೋಗಿ ಕೆಳಗಿನ ಜಲ್ಲಿಗಲ್ಲಿನ ಮೇಲೆ ಕೆಸರಾಗಿ ಕೂತಿತು. ಉಳಿದ ಬೋಳು ಜಾಗದಲ್ಲಿ ಬಂದದ್ದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ. ಅದು ಮೊಳೆತ ಒಂದು ತಿಂಗಳ ಆಸುಪಾಸಿನಲ್ಲೇ ಹೂ ಬಿಡುತ್ತದೆ, ಚೆನ್ನಾಗಿ ಬೆಳೆದ ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ನಮ್ಮಲ್ಲಿಬ್ಬರಿಗೆ ಅದನ್ನು ಕಿತ್ತೇ ಕೈ ತುಂಬ ಗಂಧೆ ಎದ್ದಿತು.

ಆಮೇಲೆ ಓದಲು ಕೂತೆ. ಮೊದಲೇ ಓದಬೇಕಿತ್ತು, ಇರಲಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಐಲೀನ್ ಮತ್ತು ಜೋನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಲ್ಲಿ ತಮ್ಮ ಮನೆಯ ಹತ್ತಿರದ ಕುರುಚಲು ಕಾಡಿನಲ್ಲಿ ಕೈಯಿಂದಲೇ ಕಳೆ ಕೀಳುತ್ತ ಒಂದು ಕ್ರಮ ಕಂಡುಕೊಂಡಿದ್ದರು. ನಾಡಗಿಡ ಚೆನ್ನಾಗಿರುವ ಕಡೆಯಿಂದ ಶುರು ಮಾಡಿ ಕಳೆ ದಟ್ಟವಾಗಿರುವ ಕಡೆಗೆ ಹೋಗು. ಮಣ್ಣನ್ನು ಆದಷ್ಟೂ ಕೆದಕಬೇಡ, ಕೆದಕಿದರೆ ತರಗೆಲೆಯಿಂದ ಮತ್ತೆ ಮುಚ್ಚು. ಕಿತ್ತ ಜಾಗ ತಾನಾಗಿ ತುಂಬಿಕೊಳ್ಳುವ ಮೊದಲು ಮುಂದಕ್ಕೆ ಹೋಗಬೇಡ. ನಾವು ಈ ಮೂರಕ್ಕೂ ತದ್ವಿರುದ್ಧ ಮಾಡಿದ್ದೆವು. ಕಳೆ ಎಲ್ಲಿ ಅತಿ ಹೆಚ್ಚೋ ಅಲ್ಲಿಗೇ ಮೊದಲು ಗುದ್ದಲಿ ಹಿಡಿದು ನುಗ್ಗಿದ್ದೆವು, ಯಾಕೆಂದರೆ ಫೋಟೋದಲ್ಲಿ ಮೊದಲು-ಆಮೇಲೆ ಚೆನ್ನಾಗಿ ಕಾಣುವುದು ಅಲ್ಲೇ.

ಮುಂದಿನ ವರ್ಷ ಬಲದಂಡೆಯ ಒಂದು ಅತ್ತಿಮರದ ಬುಡದಿಂದ ಶುರು ಮಾಡಿದೆವು. ಅದರ ಸುತ್ತ ಹುಲ್ಲು, ಜರೀಗಿಡ ಇನ್ನೂ ಉಳಿದಿದ್ದವು. ಅಲ್ಲಿಂದ ಆಚೆಗೆ ಒಂದು ಸಲಕ್ಕೆ 10 ಅಡಿ ಮಾತ್ರ. ಕೀಳುವ ರೀತಿಯನ್ನೂ ಬದಲಿಸಿದೆವು. ಲಂಟಾನವನ್ನು ಮೇಲೆ ಕಡಿದರೆ ಬುಡದಿಂದ ಮತ್ತಷ್ಟು ಚಿಗುರುತ್ತದೆ, ಇಡೀ ಬೇರು ಅಗೆದರೆ ದಂಡೆ ಸಡಿಲವಾಗುತ್ತದೆ. ಮಣ್ಣಿನಡಿ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನು ಪಿಕಾಸಿಯಿಂದ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಹಾಕಿದರೆ ಸಾಕು. ಕೆಳಗಿನ ಬೇರು ಚಿಗುರದೆ ಒಳಗೇ ಕೊಳೆಯುತ್ತದೆ, ಅಲ್ಲಿಯವರೆಗೆ ಮಣ್ಣನ್ನೂ ಹಿಡಿದಿರುತ್ತದೆ. ಕಾಯಿ ಆಗುವ ಮೊದಲು ಮಾಡಬೇಕು. ಹಣ್ಣು ತಿಂದ ಹಕ್ಕಿ ಕೂರುವ ಮರದ ಕೆಳಗೆ ಮಾತ್ರ ವರ್ಷಗಟ್ಟಲೆ ಸಸಿ ಏಳುತ್ತಲೇ ಇರುತ್ತವೆ. ಅಲ್ಲಿ ತಿಂಗಳಿಗೊಮ್ಮೆ ಬಗ್ಗಿ ನೋಡಲು ಒಬ್ಬರನ್ನು ಗೊತ್ತು ಮಾಡಿದ್ದೇವೆ.

ಕುಸಿದ ಜಾಗಕ್ಕೆ ಕಲ್ಲುಗೋಡೆ ಕಟ್ಟಿಸೋಣ ಎಂಬ ಸಲಹೆ ಬಂತು. ಗೋಡೆ ಕಟ್ಟಿದ ಕಡೆ ನೀರಿನ ವೇಗ ಕುಗ್ಗುವುದಿಲ್ಲ, ಹೊಡೆತ ಕೆಳಗಿನವರ ದಂಡೆಗೆ ಬೀಳುತ್ತದೆ. ನಾವು ಕಡಿದಾದ ದಂಡೆಯನ್ನು ಇಳಿಜಾರಾಗಿ ತಿದ್ದಿ, ತೆಂಗಿನ ನಾರಿನ ಚಾಪೆ ಹಾಸಿ, ಗೂಟ ಬಡಿದೆವು. ಚಾಪೆಯಲ್ಲಿ ತೂತು ಮಾಡಿ ನೀರಂಚಿಗೆ ಲಾವಂಚ, ಮೇಲಕ್ಕೆ ಹೊಂಗೆ, ಹೊಳೆಮತ್ತಿ. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಕ್ಕೆ ಇಳಿಯುತ್ತದೆ. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಚಾಪೆ ಕರಗುತ್ತ ಬಂದಿತ್ತು, ದಂಡೆ ನಿಂತಿತ್ತು.

ಸಸಿಗಳ ವಿಷಯದಲ್ಲಿ ಒಂದು ಬೇಸರ ಹೇಳಿಬಿಡುತ್ತೇನೆ. ಒಂದು ಕಂಪನಿಯವರು 300 ಅಲಂಕಾರದ ಗಿಡ ತಂದು, ಬ್ಯಾನರ್ ಕಟ್ಟಿ, ಒಂದೇ ಬೆಳಗ್ಗೆ ನೆಟ್ಟು ಹೋದರು. ಬೇಸಿಗೆಯಲ್ಲಿ ನೀರು ಹೊರಲು ಬಂದವರು ನಾವು 4 ಜನ. ನೆಡುವ ದಿನ 40 ಕೈ, ನೀರೆರೆಯುವ ದಿನ 4 ಕೈ. ಈಗ ಎರಡು ಬೇಸಿಗೆ ಯಾರು ಎಲ್ಲಿ ನೀರು ಹಾಕುತ್ತಾರೆ ಎಂಬ ಪಟ್ಟಿ ಮೊದಲು ಬರೆದು, ಆ ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅದಕ್ಕೆ ತಕ್ಕಷ್ಟೇ ಗುಂಡಿ ತೆಗೆಯುತ್ತೇವೆ. ಅಧಿಕಾರಿಗಳ ಅನುಮತಿ ಪತ್ರವನ್ನೂ ಅದೇ ಕಡತದಲ್ಲಿ ಇಟ್ಟಿದ್ದೇವೆ, ಕೇಳಿದವರಿಗೆ ತೋರಿಸಲು.

ಕಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನಿಂದ ಕೆಳಗೆ ಆರಿಸುತ್ತ ಹೋಗಿ, ಇಲ್ಲದಿದ್ದರೆ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಗಂಬೂಟು, ದಪ್ಪ ಕೈಗವಸು ಇಲ್ಲದೆ ನೀರಿಗೆ ಇಳಿಯಬೇಡಿ. ಇಲಿ ಮೂತ್ರ ಸೇರಿದ ನೀರು ಕೈಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಮಳೆ ಸುರಿದ ಮರುದಿನ ನಮ್ಮ ಕೆಲಸಕ್ಕೆ ರಜೆ.

ಕಸ ಯಾವುದು ಎಂಬುದರಲ್ಲೇ ಜಗಳ. ಹುರುಪಿನ ಹುಡುಗರು ಬಿದ್ದ ಕೊಂಬೆ, ಕೊಳೆತ ದಿಮ್ಮಿ, ತರಗೆಲೆ ಎಲ್ಲವನ್ನೂ ಎಳೆದು ಹಾಕುತ್ತಾರೆ. ಹಳ್ಳದ ಹುಳುಗಳಿಗೆ ಅದೇ ಊಟ, ಅದೇ ಮನೆ. ವಾದ ಮಾಡುವುದು ಬಿಟ್ಟು ಈಗ ಅವರ ಕೈಗೆ ಬಿಳಿ ತಟ್ಟೆ ಕೊಟ್ಟು, ನೀರಿನೊಳಗಿನ ಕಲ್ಲು ಮಗುಚಿಸಿ, ಅಡಿಯಲ್ಲಿ ಅಂಟಿರುವುದನ್ನು ತಟ್ಟೆಗೆ ಬಿಡಿಸುತ್ತೇನೆ. ನೋಡಿದ ಮೇಲೆ ಕಲ್ಲು ಇದ್ದ ಹಾಗೇ ವಾಪಸ್. ಮೊದಲ ವರ್ಷ ಸಿಕ್ಕಿದ್ದು ಕೆಂಪು ಹುಳು ಮಾತ್ರ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅದರಲ್ಲೂ ಇದೆ, ಹಾಗಾಗಿ ಆಮ್ಲಜನಕ ಕಡಿಮೆಯಿರುವ ಕೊಳಕು ಕೆಸರಿನಲ್ಲೂ ಬದುಕುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿಗಳು ಮೂರನೇ ವರ್ಷ ಬಂದವು. ಅವು ಸೊಳ್ಳೆಮರಿ ತಿನ್ನುತ್ತವೆ. ಸೊಳ್ಳೆಗೆಂದು ಗ್ಯಾಂಬೂಸಿಯಾ ಮೀನು ಬಿಡೋಣ ಎಂದವರಿಗೆ ಬೇಡ ಅಂದೆ. ಆ ಹೊರಗಿನ ಮೀನು ಇಲ್ಲಿಯ ಸಣ್ಣಮೀನಿನ, ಕಪ್ಪೆಯ ಮೊಟ್ಟೆಮರಿಗಳನ್ನೂ ಬಿಡುವುದಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ತಟ್ಟೆಯಲ್ಲಿ ಮೂರು ಬಾಲದ, ಹೊಟ್ಟೆಯ ಎರಡೂ ಬದಿ ಕಿವಿರು ಆಡಿಸುವ ಒಂದು ಮರಿ ಸಿಕ್ಕಿತು. ಮೇಫ್ಲೈ, ಮರಿಯಾಗಿ ನೀರಿನಲ್ಲಿ ಬೆಳೆದು ಆಮೇಲೆ ರೆಕ್ಕೆ ಬಂದು ಹಾರುವ ಕೀಟ. ಕೊಳಕು ನೀರು ಅದಕ್ಕೆ ಆಗುವುದಿಲ್ಲ. ಒಂದೇ ಒಂದು ಸಿಕ್ಕಿದ್ದರಿಂದ ಹಳ್ಳ ಶುದ್ಧವಾಯಿತೆಂದು ಯಾರೂ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದು ನೀರಿಗೆ ಬಿಟ್ಟೆವು.

ಬಲದಂಡೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಲಂಟಾನ ಇದೆ. ಹೊಸಬರು ಬಂದಾಗೆಲ್ಲ ಅದನ್ನೇ ತೋರಿಸಿ ಕೇಳುತ್ತಾರೆ. ಅದರೊಳಗೆ ಸದ್ಯ ಪಿಕಳಾರ ಗೂಡು ಕಟ್ಟಿದೆ, ಮರಿ ಹಾರುವವರೆಗೆ ನಾವು ಆ ಕಡೆ ಪಿಕಾಸಿ ಒಯ್ಯುವುದಿಲ್ಲ.