ಕೇಂದ್ರ ಬಜೆಟ್ ಓದುವ ಕ್ರಮ: ಭಾಷಣ ಬಿಟ್ಟು ಪಟ್ಟಿ ಹಿಡಿಯಿರಿ

ಫೆಬ್ರವರಿ 1ರ ಬೆಳಿಗ್ಗೆ 11ಕ್ಕೆ ಹಣಕಾಸು ಸಚಿವರ ಭಾಷಣ ಶುರುವಾಗುತ್ತದೆ. ಕೇಳುವುದಿದ್ದರೆ ಕೇಳಿ, ಆದರೆ ಕೇಳಿದ ತಕ್ಷಣ ಏನೂ ಬರೆಯಬೇಡಿ. ಭಾಷಣದಲ್ಲಿ ಇರುವುದು ಸರ್ಕಾರ ನಿಮಗೆ ತೋರಿಸಬೇಕೆಂದುಕೊಂಡದ್ದು. ಮಾಡಿದ್ದು ಮತ್ತು ಮಾಡಹೊರಟಿರುವುದು ಇರುವುದು ಅದರ ಜೊತೆಗೆ ಬರುವ ಹತ್ತಾರು ದಾಖಲೆಗಳಲ್ಲಿ. ಭಾಷಣ ಮುಗಿಯುತ್ತಿದ್ದಂತೆ ಅವೆಲ್ಲವೂ ಇಂಡಿಯಾಬಜೆಟ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತವೆ, ಬಹುಪಾಲು ಪಟ್ಟಿಗಳು ಎಕ್ಸೆಲ್‌ನಲ್ಲೂ ಇರುತ್ತವೆ. ಎಕ್ಸೆಲ್ ಇಳಿಸಿಕೊಂಡರೆ ಲೆಕ್ಕ ಹಾಕುವುದು ಸುಲಭ.

ಎಲ್ಲವನ್ನೂ ಓದಬೇಕಿಲ್ಲ. ನಾಲ್ಕು ಸಾಕು. ಒಟ್ಟು ಚಿತ್ರಕ್ಕೆ ‘ಬಜೆಟ್ ಅಟ್ ಎ ಗ್ಲಾನ್ಸ್’, ತೆರಿಗೆಗೆ ‘ರಿಸೀಟ್ ಬಜೆಟ್’, ಇಲಾಖಾವಾರು ಯೋಜನೆಗಳಿಗೆ ‘ಎಕ್ಸ್‌ಪೆಂಡಿಚರ್ ಬಜೆಟ್’, ದಲಿತರು, ಆದಿವಾಸಿಗಳು, ಮಹಿಳೆಯರು ಮತ್ತು ಮಕ್ಕಳ ಪಾಲಿಗೆ ‘ಎಕ್ಸ್‌ಪೆಂಡಿಚರ್ ಪ್ರೊಫೈಲ್’. ಇಲ್ಲಿನ ಉದಾಹರಣೆಗಳು ಮುಖ್ಯವಾಗಿ 2025-26ರ ಬಜೆಟ್‌ನವು. ಯಾವ ವರ್ಷಕ್ಕಾದರೂ ಕ್ರಮ ಇದೇ.

ನಾಲ್ಕು ಕಾಲಂ, ಎರಡು ಸತ್ಯ

ಪ್ರತಿ ಯೋಜನೆಯ ಎದುರು ನಾಲ್ಕು ಅಂಕಿಗಳಿರುತ್ತವೆ: ಎರಡು ವರ್ಷ ಹಿಂದಿನ ವಾಸ್ತವ ವೆಚ್ಚ, ಕಳೆದ ವರ್ಷದ ಬಜೆಟ್ ಅಂದಾಜು (ವರ್ಷ ಶುರುವಾಗುವ ಮುನ್ನ ಇಟ್ಟ ಮೊತ್ತ), ಅದೇ ವರ್ಷದ ಪರಿಷ್ಕೃತ ಅಂದಾಜು (ವರ್ಷ ಮುಗಿಯುವ ಮುನ್ನ ತಿದ್ದಿದ ಮೊತ್ತ), ಬರುವ ವರ್ಷದ ಬಜೆಟ್ ಅಂದಾಜು. ಬಜೆಟ್ ಕುರಿತ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದು ಯಾವ ಕಾಲಂ ಅನ್ನು ಯಾವುದಕ್ಕೆ ಹೋಲಿಸಿದರು ಎಂಬಲ್ಲೇ.

ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ನೋಡಿ. 2024-25ಕ್ಕೆ ಇಟ್ಟದ್ದು 70,163 ಕೋಟಿ ರೂ. ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಕುಸಿಯಿತು. 2025-26ಕ್ಕೆ ಮತ್ತೆ 67,000 ಕೋಟಿ. ಸರ್ಕಾರದ ಪರ ಇರುವವರು ‘ಸುಮಾರು ಮೂರು ಪಟ್ಟು ಹೆಚ್ಚಳ’ ಎನ್ನಬಹುದು, ವಿರೋಧಿಸುವವರು ‘ಶೇ 4.5 ಕಡಿತ’ ಎನ್ನಬಹುದು. ಎರಡೂ ಲೆಕ್ಕ ಸರಿಯೇ. ಆದರೆ ಎರಡರಲ್ಲೂ ಮುಖ್ಯ ಸುದ್ದಿ ಕಾಣೆಯಾಗಿದೆ: ಘೋಷಿಸಿದ ಹಣದ ಮೂರನೇ ಎರಡಕ್ಕೂ ಹೆಚ್ಚು ಭಾಗ ಆ ವರ್ಷ ಖರ್ಚಾಗಲೇ ಇಲ್ಲ.

ಆದ್ದರಿಂದ ಎರಡು ಹೋಲಿಕೆಗಳನ್ನು ಬೇರೆಬೇರೆಯಾಗಿ ಮಾಡಿ. ಸರ್ಕಾರದ ಉದ್ದೇಶ ಅಳೆಯಲು ಬಜೆಟ್ ಅಂದಾಜನ್ನು ಬಜೆಟ್ ಅಂದಾಜಿಗೇ ಹೋಲಿಸಿ. ಮಾತು ಉಳಿಸಿಕೊಂಡಿತೇ ಎಂದು ತಿಳಿಯಲು ಒಂದೇ ವರ್ಷದ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು ಮತ್ತು ವಾಸ್ತವ ವೆಚ್ಚವನ್ನು ಸಾಲಾಗಿ ಇಡಿ. ಮೂರನೆಯದು ಒಂದು ವರ್ಷ ತಡವಾಗಿ ಬರುವುದರಿಂದ ಹಿಂದಿನ ಬಜೆಟ್‌ಗಳನ್ನೂ ತೆರೆಯಬೇಕಾಗುತ್ತದೆ. ಕನಿಷ್ಠ ಐದು ವರ್ಷದ ಸಾಲು ಕಟ್ಟದೆ ‘ಹೆಚ್ಚಳ’, ‘ಕಡಿತ’ ಎಂಬ ಪದ ಬಳಸಬೇಡಿ.

2005ರ ಕಾಯ್ದೆಯ ಉದ್ಯೋಗ ಖಾತ್ರಿಯ ಸಾಲು ಉಲ್ಟಾ ಕಥೆ ಹೇಳುತ್ತದೆ. 2020-21ರಲ್ಲಿ ಇಟ್ಟದ್ದು 61,500 ಕೋಟಿ, ಪರಿಷ್ಕೃತ 1,11,500 ಕೋಟಿ. 2021-22ರಲ್ಲಿ 73,000 ಇದ್ದದ್ದು 98,000 ಆಯಿತು. 2022-23ರಲ್ಲಿ ಮತ್ತೆ 73,000ದಿಂದ ಶುರುವಾಗಿ 89,400ಕ್ಕೆ ಏರಿತು. ಇಷ್ಟಾದ ಮೇಲೂ 2023-24ಕ್ಕೆ ಇಟ್ಟದ್ದು 60,000, ಅದು ಕೊನೆಗೆ 86,000 ಆಯಿತು. ‘ಬೇಡಿಕೆ ಬಂದಂತೆ ಹಣ ಕೊಡುತ್ತೇವೆ, ಆರಂಭದ ಅಂಕಿ ಮುಖ್ಯವಲ್ಲ’ ಎಂಬುದು ಸರ್ಕಾರದ ಸಿದ್ಧ ಉತ್ತರವಾಗಿತ್ತು. ಈ ಉತ್ತರ ಎಡವುವುದು ಕೂಲಿ ಪಾವತಿಯ ವೇಳಾಪಟ್ಟಿಯಲ್ಲಿ. ಆರಂಭದ ಹಂಚಿಕೆ ಕಡಿಮೆಯಿದ್ದರೆ ವರ್ಷದ ಮಧ್ಯಕ್ಕೇ ಖಜಾನೆ ಒಣಗುತ್ತದೆ, 15 ದಿನದಲ್ಲಿ ಬರಬೇಕಾದ ಕೂಲಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಕೂಲಿ ಬಾರದ ಕೆಲಸಕ್ಕೆ ಜನ ಬರುವುದಿಲ್ಲ, ಆಗ ‘ಬೇಡಿಕೆಯೇ ಕುಸಿದಿದೆ’ ಎಂಬ ವಾದ ತಾನಾಗಿ ತಯಾರಾಗುತ್ತದೆ. ಉಳಿದ ಬಾಕಿಯನ್ನು ಮುಂದಿನ ವರ್ಷದ ಹಣದಿಂದ ತೀರಿಸುತ್ತಾರೆ. ಹಾಗಾಗಿ ಇಂಥ ಯೋಜನೆಗಳ ಹಂಚಿಕೆಯಿಂದ ಹಿಂದಿನ ಬಾಕಿ ಕಳೆದು ನೋಡಬೇಕು. ಬಾಕಿಯ ಮೊತ್ತ ಸಂಸತ್ತಿನಲ್ಲಿ ಕೊಟ್ಟ ಉತ್ತರಗಳಲ್ಲಿ ಮತ್ತು ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿಯ ವರದಿಗಳಲ್ಲಿ ಸಿಗುತ್ತದೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ವರ್ಷಕ್ಕೆ ಖಾತ್ರಿ ಕೊಡುವ ಕೆಲಸದ ದಿನಗಳು 100ರಿಂದ 125 ಆದವು, ಆದರೆ ವೆಚ್ಚದ ಶೇ 40 ಬಹುತೇಕ ರಾಜ್ಯಗಳ ತಲೆಗೆ ಬಂತು. ಹಳೆಯ ವ್ಯವಸ್ಥೆಯಲ್ಲಿ ಕೂಲಿಯ ಪೂರ್ತಿ ಹಣ ಕೇಂದ್ರದ್ದೇ ಆಗಿತ್ತು. ಹಾಗಾಗಿ ಹಳೆಯ ಮತ್ತು ಹೊಸ ಅಂಕಿಯನ್ನು ನೇರ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕರ್ನಾಟಕದ ಪಾಲು ರಾಜ್ಯ ಬಜೆಟ್‌ನಲ್ಲಿ ಎಷ್ಟಿದೆ ಎಂದು ಸೇರಿಸಿಯೇ ಮಾತಾಡಬೇಕು.

ಕದಲದ ಅಂಕಿ

ಕಡಿತ ಮಾಡಲು ಅಂಕಿ ಇಳಿಸಲೇಬೇಕೆಂದಿಲ್ಲ, ಅದನ್ನು ಹಾಗೇ ಬಿಟ್ಟರೂ ಸಾಕು. ವೃದ್ಧರು, ವಿಧವೆಯರು ಮತ್ತು ಅಂಗವಿಕಲರ ಪಿಂಚಣಿ ಕೊಡುವ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ 2022-23ರಲ್ಲಿ 9,652 ಕೋಟಿ, 2024-25ರಲ್ಲಿ 9,652 ಕೋಟಿ, 2025-26ರಲ್ಲೂ 9,652 ಕೋಟಿ. ನಡುವಿನ ವರ್ಷ 16 ಕೋಟಿ ಕಡಿಮೆ ಇತ್ತು, ಅಷ್ಟೆ. ಹಣದುಬ್ಬರ ವರ್ಷಕ್ಕೆ ಶೇ 5 ಎಂದಿಟ್ಟುಕೊಂಡು ಮೂರು ವರ್ಷಕ್ಕೆ ಭಾಗಿಸಿ: 9,652ನ್ನು 1.05ರಿಂದ ಮೂರು ಸಲ ಭಾಗಿಸಿದರೆ ಸುಮಾರು 8,338 ಕೋಟಿ. 1,300 ಕೋಟಿ ಸದ್ದಿಲ್ಲದೆ ಹೋಯಿತು. 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂ., ಸುಮಾರು ಎರಡು ದಶಕಗಳಿಂದ ಅಷ್ಟೇ. ಕರ್ನಾಟಕದ ಅಜ್ಜಿಯರ ಕೈಗೆ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಉಳಿದದ್ದು ರಾಜ್ಯದ ಹಣ. ಇಂಥ ಸಾಲುಗಳ ಬಗ್ಗೆ ಟಿವಿಯಲ್ಲಿ ಚರ್ಚೆಯಾಗುವುದು ಅಪರೂಪ. ಏರಿಳಿತವಿಲ್ಲದ ಅಂಕಿಗೆ ಶೀರ್ಷಿಕೆ ಕೊಡುವುದು ಕಷ್ಟ.

ಹೆಚ್ಚಳ ಕಂಡಾಗಲೂ ಇದೇ ಲೆಕ್ಕ ಹಾಕಿ. ಇನ್ನೊಂದು ಅಳತೆ, ಜಿಡಿಪಿಯ ಶೇಕಡಾವಾರು. 2025-26ಕ್ಕೆ ಬಜೆಟ್ ಹಿಡಿದ ಜಿಡಿಪಿ ಸುಮಾರು 357 ಲಕ್ಷ ಕೋಟಿ, ಒಟ್ಟು ವೆಚ್ಚ 50.65 ಲಕ್ಷ ಕೋಟಿ. ಅದರಲ್ಲಿ 12.76 ಲಕ್ಷ ಕೋಟಿ ಬಡ್ಡಿಗೇ ಹೋಗುತ್ತದೆ. ಈ ಮೂರು ಅಂಕಿ ಕೈಯಲ್ಲಿದ್ದರೆ ‘ದಾಖಲೆಯ ಹಂಚಿಕೆ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ತಿಳಿಯುತ್ತದೆ. ಬೆಳೆಯುವ ಆರ್ಥಿಕತೆಯಲ್ಲಿ ಬಹುತೇಕ ಪ್ರತಿ ವರ್ಷವೂ ದಾಖಲೆಯೇ.

ರಾಜ್ಯಗಳ ಪಾಲು: ಇಲ್ಲಿ ನಿಧಾನಿಸಿ

ಕರ್ನಾಟಕದ ಓದುಗರು ಹೆಚ್ಚು ಎಡವುವುದು ಇಲ್ಲೇ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಪಾಲು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. 15ನೇ ಆಯೋಗ ಹೇಳಿದ್ದು ಶೇ 41. ಆದರೆ ಅದು ಕೇಂದ್ರ ಸಂಗ್ರಹಿಸುವ ಎಲ್ಲ ತೆರಿಗೆಯ ಶೇ 41 ಅಲ್ಲ. ಸಂವಿಧಾನದ 270 ಮತ್ತು 271ನೇ ವಿಧಿಗಳ ಪ್ರಕಾರ ಸೆಸ್ (ಒಂದು ಉದ್ದೇಶಕ್ಕೆಂದು ಎತ್ತುವ ತೆರಿಗೆ) ಮತ್ತು ತೆರಿಗೆಯ ಮೇಲೆ ಹಾಕುವ ಸರ್‌ಚಾರ್ಜ್ ಹಂಚಿಕೆಯ ಬುಟ್ಟಿಗೆ ಬರುವುದೇ ಇಲ್ಲ.

ಲೆಕ್ಕ ಹೀಗೆ. ‘ಬಜೆಟ್ ಅಟ್ ಎ ಗ್ಲಾನ್ಸ್’ನಲ್ಲಿ ಒಟ್ಟು ತೆರಿಗೆ ಆದಾಯ ಹುಡುಕಿ: 2025-26ಕ್ಕೆ 42.70 ಲಕ್ಷ ಕೋಟಿ. ರಾಜ್ಯಗಳಿಗೆ ಹಂಚಿಕೆ 14.22 ಲಕ್ಷ ಕೋಟಿ. ಭಾಗಿಸಿದರೆ ಶೇ 33.3. ಆದರೆ ಇಲ್ಲೇ ನಿಲ್ಲಿಸಿದರೆ ನಿಮ್ಮ ವಾದವನ್ನು ಯಾರಾದರೂ ಮುರಿಯುತ್ತಾರೆ. ಒಟ್ಟು ತೆರಿಗೆಯಲ್ಲಿ ಜಿಎಸ್‌ಟಿ ಪರಿಹಾರ ಸೆಸ್ ಕೂಡ ಇದೆ, ಸುಮಾರು 1.67 ಲಕ್ಷ ಕೋಟಿ. ಕೋವಿಡ್ ಕಾಲದಲ್ಲಿ ರಾಜ್ಯಗಳಿಗೆ ಪರಿಹಾರ ಕೊಡಲು ತಂದ ಸಾಲ ತೀರಿಸಲು ಅದು ಹೋಗುತ್ತಿತ್ತು. ಅದನ್ನು ಕಳೆದು 41.03ಕ್ಕೆ ಭಾಗಿಸಿ: ಶೇ 34.7. ಈ ಸಂಖ್ಯೆ ಗಟ್ಟಿ. ಶೇ 41ಕ್ಕೂ ಇದಕ್ಕೂ ಇರುವ ಅಂತರ ಎರಡೂವರೆ ಲಕ್ಷ ಕೋಟಿಗೂ ಹೆಚ್ಚು. ಸಂಗ್ರಹಣಾ ವೆಚ್ಚದಂಥ ಸಣ್ಣ ಕಳೆತಗಳಿದ್ದರೂ ಅದರ ದೊಡ್ಡ ಭಾಗ ಸೆಸ್ ಮತ್ತು ಸರ್‌ಚಾರ್ಜ್.

ಪೆಟ್ರೋಲ್‌ನಲ್ಲಿ ಇದು ಬೆತ್ತಲಾಗಿ ಕಾಣುತ್ತದೆ. 2022ರ ಮೇ ಕಡಿತದ ನಂತರ ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ಸುಂಕ 19.90 ರೂ. ಇತ್ತು. ಅದರಲ್ಲಿ ವಿಶೇಷ ಹೆಚ್ಚುವರಿ ಸುಂಕ 11 ರೂ., ರಸ್ತೆ ಸೆಸ್ 5 ರೂ., ಕೃಷಿ ಮೂಲಸೌಕರ್ಯ ಸೆಸ್ 2.50 ರೂ. ಮೂಲ ಅಬಕಾರಿ ಸುಂಕ ಬರೀ 1.40 ರೂ. ಹಂಚಿಕೆಯಾಗುವುದು ಈ 1.40 ಮಾತ್ರ, ಅದರ ಶೇ 41 ಅಂದರೆ 57 ಪೈಸೆ, ಅದೂ ಎಲ್ಲ ರಾಜ್ಯಗಳಿಗೂ ಸೇರಿ. ಸೆಸ್ ಎತ್ತಿದ ಉದ್ದೇಶಕ್ಕೇ ಬಳಕೆಯಾಗುತ್ತದೆ ಎಂಬ ನಂಬಿಕೆಯೂ ಬೇಡ. 2018-19ರಲ್ಲಿ 35 ಸೆಸ್‌ಗಳಿಂದ ಬಂದ 2.74 ಲಕ್ಷ ಕೋಟಿಯಲ್ಲಿ ಮೀಸಲು ನಿಧಿಗಳಿಗೆ ಹೋದದ್ದು 1.64 ಲಕ್ಷ ಕೋಟಿ ಮಾತ್ರ ಎಂದು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ದಾಖಲಿಸಿದೆ.

ಇದು ಕೇಂದ್ರ ಮತ್ತು ರಾಜ್ಯಗಳ ನಡುವಿನ ಪ್ರಶ್ನೆ. ರಾಜ್ಯ ರಾಜ್ಯಗಳ ನಡುವಿನದು ಬೇರೆಯೇ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713, 15ನೆಯದರಲ್ಲಿ ಶೇ 3.647. 2025-26ರ ಹಂಚಿಕೆಯಲ್ಲಿ ಹಳೆಯ ದರದಲ್ಲಿ ಸುಮಾರು 67,000 ಕೋಟಿ ಆಗಬೇಕಿದ್ದದ್ದು ಸುಮಾರು 51,900 ಕೋಟಿ ಆಯಿತು. 15ನೆಯದು ಆದಾಯದ ಅಂತರಕ್ಕೆ (ಬಡ ರಾಜ್ಯಕ್ಕೆ ಹೆಚ್ಚು ಪಾಲು ಕೊಡುವ ಅಳತೆ) ಶೇ 45 ತೂಕ ಕೊಟ್ಟಿತು, 1971ರ ಜನಸಂಖ್ಯೆಯನ್ನು ಕೈಬಿಟ್ಟು 2011ರದ್ದನ್ನು ಮಾತ್ರ ಹಿಡಿಯಿತು. 2026-27ರಿಂದ ಅರವಿಂದ ಪನಗರಿಯಾ ನೇತೃತ್ವದ 16ನೇ ಆಯೋಗದ ಅವಧಿ, ಹಾಗಾಗಿ ಆ ವರ್ಷದಿಂದಾಚೆಗೆ ಶೇಕಡಾವಾರನ್ನು ಹೊಸ ವರದಿಯಿಂದಲೇ ತೆಗೆದುಕೊಳ್ಳಿ.

‘ನನ್ನ ತೆರಿಗೆ ನನ್ನ ಹಕ್ಕು’ ಘೋಷಣೆ ಜನರನ್ನು ಸೇರಿಸುತ್ತದೆ, ನಿಜ. 2024ರ ಫೆಬ್ರವರಿ 7ರಂದು ರಾಜ್ಯ ಸರ್ಕಾರವೇ ಜಂತರ್ ಮಂತರ್‌ನಲ್ಲಿ ಪ್ರತಿಭಟಿಸಿತು. ಆದರೆ ಸಮಾನತೆಯ ರಾಜಕಾರಣ ಮಾಡುವವರು ಈ ಘೋಷಣೆಯನ್ನು ಎಚ್ಚರದಿಂದ ಬಳಸಬೇಕು. ಬೆಂಗಳೂರಿನಲ್ಲಿ ಕಚೇರಿಯಿರುವ ಕಂಪನಿ ಇಲ್ಲಿ ತುಂಬುವ ಕಾರ್ಪೊರೇಟ್ ತೆರಿಗೆಯ ಹಿಂದೆ ದೇಶದೆಲ್ಲೆಡೆಯ ಗ್ರಾಹಕರ ಹಣವಿದೆ. ಬಿಹಾರದ ಬಡವರಿಗೆ ಹೆಚ್ಚು ಹೋಗುತ್ತಿದೆ ಎಂಬುದನ್ನೇ ದೂರು ಮಾಡಿಕೊಂಡರೆ, ಬೆಂಗಳೂರಿನ ತೆರಿಗೆ ಕಲಬುರಗಿಗೆ ಯಾಕೆ ಎಂದು ಕೇಳುವವನಿಗೆ ಉತ್ತರ ಇರುವುದಿಲ್ಲ. ಸೆಸ್ ಕುರಿತ ವಾದದಲ್ಲಿ ಬಿಹಾರವೂ ಕರ್ನಾಟಕದ ಜೊತೆ ನಿಲ್ಲುತ್ತದೆ. ಅದನ್ನು ಮುಂದಿಡಿ.

ಹೇಳಿಕೆಗಳು 10ಎ, 10ಬಿ, 12, 13

‘ಎಕ್ಸ್‌ಪೆಂಡಿಚರ್ ಪ್ರೊಫೈಲ್’ನಲ್ಲಿ ಪರಿಶಿಷ್ಟ ಜಾತಿಗೆ 10ಎ, ಪರಿಶಿಷ್ಟ ಪಂಗಡಕ್ಕೆ 10ಬಿ, ಮಕ್ಕಳಿಗೆ 12, ಮಹಿಳೆಯರಿಗೆ 13ನೇ ಹೇಳಿಕೆ (ಸ್ಟೇಟ್‌ಮೆಂಟ್, ಅಂದರೆ ಪಟ್ಟಿ). ಒಟ್ಟು ಮೊತ್ತವನ್ನು ನಂಬಬೇಡಿ, ಸಾಲುಗಳನ್ನು ಓದಿ. ವಿದ್ಯಾರ್ಥಿವೇತನ, ಹಾಸ್ಟೆಲ್‌ಗಳಂಥ ನೇರ ಯೋಜನೆಗಳಿಗೆ ಒಂದು ಬಣ್ಣ ಹಚ್ಚಿ, ಎಲ್ಲರಿಗೂ ಇರುವ ಯೋಜನೆಯ ಒಂದಷ್ಟು ಶೇಕಡಾವನ್ನು ಇಲ್ಲಿ ತೋರಿಸಿದ್ದರೆ ಇನ್ನೊಂದು ಬಣ್ಣ. ಎರಡನೇ ಬಣ್ಣವೇ ಹೆಚ್ಚು ಕಾಣುತ್ತದೆ. ಮಹಿಳಾ ಬಜೆಟ್‌ನ ‘ಎ’ ಭಾಗ ನೂರಕ್ಕೆ ನೂರು ಮಹಿಳೆಯರಿಗಾಗಿ ಇರುವ ಯೋಜನೆಗಳದ್ದು, ಆದರೆ ಇಡೀ ಕುಟುಂಬಕ್ಕೆ ಮನೆ ಕೊಡುವ ಗ್ರಾಮೀಣ ಆವಾಸ್ ಯೋಜನೆಯನ್ನೂ ಅಲ್ಲೇ ಸೇರಿಸುತ್ತಾರೆ. ಅದನ್ನು ತೆಗೆದು ಮತ್ತೊಮ್ಮೆ ಕೂಡಿಸಿ.

ಇದೇ ಬಣ್ಣ ರಾಜ್ಯ ಬಜೆಟ್‌ಗೂ ಹಚ್ಚಬೇಕು. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಬಜೆಟ್‌ನ ಪಾಲು ಮೀಸಲಿಡುವ ಕರ್ನಾಟಕದ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ 7(ಡಿ) ಕಲಂ ಸಾಮಾನ್ಯ ಖರ್ಚನ್ನು ದಲಿತರ ಪಾಲೆಂದು ‘ಭಾವಿಸಲು’ ಅವಕಾಶ ಕೊಡುತ್ತಿತ್ತು. 2023ರಲ್ಲಿ ಅದನ್ನು ತೆಗೆದರು. ಆದರೆ ಅದೇ ಉಪಯೋಜನೆಯಿಂದ ಗ್ಯಾರಂಟಿಗಳಿಗೆ 2023-24ರಲ್ಲೇ 11 ಸಾವಿರ ಕೋಟಿಗೂ ಹೆಚ್ಚು ಹೋಯಿತು. ದೆಹಲಿಯಲ್ಲಿ ಕಂಡ ತಪ್ಪನ್ನು ಬೆಂಗಳೂರಿನಲ್ಲಿ ಕಾಣದವರ ಲೆಕ್ಕವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಹಣ ದಿಢೀರ್ ಏರಿದ್ದರೆ

2020-21ರಲ್ಲಿ ಆಹಾರ ಸಬ್ಸಿಡಿ 1.16 ಲಕ್ಷ ಕೋಟಿಯಿಂದ ಪರಿಷ್ಕೃತ ಅಂದಾಜಿನಲ್ಲಿ 4.22 ಲಕ್ಷ ಕೋಟಿಗೆ ಜಿಗಿಯಿತು. ಉಚಿತ ಅಕ್ಕಿ, ಗೋಧಿ ಕೊಟ್ಟದ್ದು ಒಂದು ಕಾರಣ. ಇನ್ನೊಂದು ದೊಡ್ಡ ಕಾರಣ, ಹಿಂದಿನ ವರ್ಷಗಳಲ್ಲಿ ಸಬ್ಸಿಡಿ ಕೊಡದೆ ಭಾರತೀಯ ಆಹಾರ ನಿಗಮದಿಂದ ಸಣ್ಣ ಉಳಿತಾಯ ನಿಧಿಯಲ್ಲಿ ಸಾಲ ಮಾಡಿಸಿದ್ದನ್ನು ತೀರಿಸಿದ್ದು. ಆ ವರ್ಷವನ್ನು ಆಧಾರ ಮಾಡಿಕೊಂಡು ನಂತರದ್ದನ್ನೆಲ್ಲ ‘ಭಾರಿ ಕಡಿತ’ ಎಂದರೆ ಅದು ತಪ್ಪು. ಬಜೆಟ್‌ನ ಹೊರಗೆ ಎತ್ತಿದ ಸಾಲವನ್ನು ಪ್ರೊಫೈಲ್‌ನ 27ನೇ ಹೇಳಿಕೆಯಲ್ಲಿ ಹುಡುಕಿ.

ಬಂಡವಾಳ ವೆಚ್ಚದಲ್ಲೂ ಹಾಗೇ. 2025-26ರ 11.21 ಲಕ್ಷ ಕೋಟಿಯಲ್ಲಿ ಒಂದೂವರೆ ಲಕ್ಷ ಕೋಟಿ ರಾಜ್ಯಗಳಿಗೆ ಕೊಡುವ 50 ವರ್ಷದ ಬಡ್ಡಿರಹಿತ ಸಾಲ, ಕೇಂದ್ರ ತಾನೇ ಮಾಡುವ ಖರ್ಚಲ್ಲ.

ಸರ್ಕಾರ ವಸೂಲು ಮಾಡದೆ ಬಿಟ್ಟ ತೆರಿಗೆಯೂ ಖರ್ಚೇ. 2019ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ತೆರಿಗೆಯ ಮೂಲ ದರವನ್ನು ಶೇ 22ಕ್ಕೆ ಇಳಿಸಿದಾಗ ಸರ್ಕಾರವೇ ಹೇಳಿದ ನಷ್ಟ ವರ್ಷಕ್ಕೆ 1.45 ಲಕ್ಷ ಕೋಟಿ. 2025-26ರ ಅಂದಾಜಿನಲ್ಲಿ ವ್ಯಕ್ತಿಗಳ ಆದಾಯ ತೆರಿಗೆ 14.38 ಲಕ್ಷ ಕೋಟಿ, ಕಂಪನಿಗಳದ್ದು 10.82 ಲಕ್ಷ ಕೋಟಿ. ವಿನಾಯಿತಿಗಳ ವಿವರ ‘ರಿಸೀಟ್ ಬಜೆಟ್’ನ 7ನೇ ಅನುಬಂಧದಲ್ಲಿದೆ.

ಫೆಬ್ರವರಿ ಮುಗಿದ ಮೇಲೆ

ಭಾಷಣದ ಭರವಸೆಯನ್ನು ಹಿಂಬಾಲಿಸಲು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗಿಂತ ಒಳ್ಳೆಯ ಪಾಠ ಇಲ್ಲ. 2023ರ ಫೆಬ್ರವರಿ 1ರಂದು, ವಿಧಾನಸಭಾ ಚುನಾವಣೆಗೆ ಮೂರು ತಿಂಗಳಿದ್ದಾಗ, ನಿರ್ಮಲಾ ಸೀತಾರಾಮನ್ 5,300 ಕೋಟಿ ರೂ. ನೆರವು ಘೋಷಿಸಿದರು. ಹಣ ಬಂದಿಲ್ಲ ಎಂಬುದು ರಾಜ್ಯ ಸರ್ಕಾರ ಆ ನಂತರ ಪದೇಪದೇ ಹೇಳುತ್ತಿರುವ ದೂರು. ಭಾಷಣದಲ್ಲಿ ಮೊತ್ತ ಕೇಳಿದ ತಕ್ಷಣ ಸಂಬಂಧಪಟ್ಟ ಸಚಿವಾಲಯದ ಅನುದಾನ ಬೇಡಿಕೆಯಲ್ಲಿ (ಸಂಸತ್ತಿನ ಒಪ್ಪಿಗೆಗೆ ಇಡುವ ವೆಚ್ಚದ ಪಟ್ಟಿ), ಇಲ್ಲಿ ಜಲಶಕ್ತಿಯಲ್ಲಿ, ಅದರ ಸಾಲು ಇದೆಯೇ ನೋಡಿ. ಮುಂದಿನ ವರ್ಷ ಅದೇ ಸಾಲಿನ ಪರಿಷ್ಕೃತ ಅಂದಾಜು ನೋಡಿ.

ಸಂಸತ್ತು ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂದು ಸುಮ್ಮನಿರಬೇಡಿ. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿಯ ಬೇಡಿಕೆಗಳು ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಅಂಗೀಕಾರವಾದವು. ಆದರೆ ಫೆಬ್ರವರಿಯ ಬಿಡುವಿನಲ್ಲಿ ಸ್ಥಾಯಿ ಸಮಿತಿಗಳು ಬೇಡಿಕೆಗಳನ್ನು ಪರಿಶೀಲಿಸಿ ಮಾರ್ಚ್‌ನಲ್ಲಿ ವರದಿ ಕೊಡುತ್ತವೆ. ಅವುಗಳಲ್ಲಿ ಅಧಿಕಾರಿಗಳ ವಿವರಣೆ ಇರುತ್ತದೆ, ಎಷ್ಟೋ ಸಲ ಭಾಷಣಕ್ಕಿಂತ ನೇರವಾಗಿ. ಕರ್ನಾಟಕದ 28 ಲೋಕಸಭಾ ಮತ್ತು 12 ರಾಜ್ಯಸಭಾ ಸದಸ್ಯರಲ್ಲಿ ಯಾರಿಗಾದರೂ ಪ್ರಶ್ನೆ ಕಳಿಸುವುದಿದ್ದರೆ ಉತ್ತರ ಬೇಕಾದ ದಿನಕ್ಕೆ ಮೂರು ವಾರ ಮೊದಲೇ ಕಳಿಸಿ, ಏಕೆಂದರೆ ನೋಟಿಸ್‌ಗೆ ಕನಿಷ್ಠ 15 ದಿನ ಬೇಕು. ‘ಯಾಕೆ ಅನ್ಯಾಯ’ ಎಂದು ಬರೆದರೆ ಉತ್ತರದ ಬದಲು ಭಾಷಣ ಬರುತ್ತದೆ. ‘ಕಳೆದ ಮೂರು ವರ್ಷಗಳಲ್ಲಿ ಈ ಯೋಜನೆಯಡಿ ಕರ್ನಾಟಕಕ್ಕೆ ಹಂಚಿಕೆ, ಬಿಡುಗಡೆ ಮತ್ತು ಬಾಕಿ ಎಷ್ಟು, ವರ್ಷವಾರು ತಿಳಿಸಿ’ ಎಂದು ಬರೆಯಿರಿ. ಸಂಸದರು ಕೈ ಎತ್ತಿದರೆ ಇದೇ ವಾಕ್ಯವನ್ನು 10 ರೂ. ಶುಲ್ಕದ ಆರ್‌ಟಿಐ ಅರ್ಜಿಗೆ ಹಾಕಬಹುದು, ಉತ್ತರಕ್ಕೆ 30 ದಿನ.

ವರ್ಷದ ನಡುವೆ ಲೆಕ್ಕ ಬೇಕಾದರೆ ಮಹಾಲೇಖಾ ನಿಯಂತ್ರಕರು ಪ್ರತಿ ತಿಂಗಳ ಕೊನೆಗೆ ಹಿಂದಿನ ತಿಂಗಳವರೆಗಿನ ಖರ್ಚು ಪ್ರಕಟಿಸುತ್ತಾರೆ. ಡಿಸೆಂಬರ್ ಅಂತ್ಯಕ್ಕೆ ಬರುವ ಲೆಕ್ಕದಲ್ಲಿ ಎಂಟು ತಿಂಗಳ ಖರ್ಚು ಇರುತ್ತದೆ. ಅಷ್ಟರಲ್ಲಿ ಯಾವುದೇ ಸಚಿವಾಲಯ ಹಂಚಿಕೆಯ ಅರ್ಧವನ್ನೂ ಮುಟ್ಟದಿದ್ದರೆ ಆ ಹೆಸರು ಗುರುತಿಟ್ಟುಕೊಳ್ಳಿ, ಫೆಬ್ರವರಿಯಲ್ಲಿ ಮೊದಲು ತೆರೆಯಬೇಕಾದದ್ದು ಅದರ ಪರಿಷ್ಕೃತ ಅಂದಾಜಿನ ಪುಟ.