ಬೇಳೆ ಬೇಯದ ನೀರು: ನನ್ನ ಅನುಭವ

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಅಲ್ಲಿ ನೀರು ಎಂದರೆ ನೀರು, ಅದರಲ್ಲಿ ಬಗೆಗಳಿವೆ ಎಂಬ ಯೋಚನೆಯೇ ಬಂದಿರಲಿಲ್ಲ. ಮದುವೆಯಾಗಿ ಕೋಲಾರಕ್ಕೆ ಬಂದ ಮೊದಲ ವಾರ, ಕುಕ್ಕರು ಏಳು ಸಲ ಕೂಗಿದರೂ ತೊಗರಿಬೇಳೆ ಬೇಳೆಯಾಗಿಯೇ ಉಳಿದಿತ್ತು. ಅಂಗಡಿ ಬದಲಿಸಿದೆ, ಬೇಳೆ ಬದಲಿಸಿದೆ. ಕೊನೆಗೆ ಅತ್ತೆ ಹೇಳಿದರು: "ಬೇಳೆಯ ತಪ್ಪಲ್ಲಮ್ಮ, ನಮ್ಮದು ಉಪ್ಪು ನೀರು. ಬೇಳೆಗೆ ಮಾತ್ರ ಕ್ಯಾನ್ ನೀರು ಹಾಕು."

ಇಲ್ಲಿಯವರು ಉಪ್ಪು ನೀರು ಎನ್ನುವುದು ಬಹುಪಾಲು ಗಡಸು ನೀರನ್ನೇ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು ಕರಗಿರುವ ನೀರನ್ನು. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ. ನಮ್ಮ ಬೋರ್‌ವೆಲ್ 1,100 ಅಡಿ ಆಳದ್ದು. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಬಂಡೆಯ ಬಿರುಕುಗಳಲ್ಲಿ ನಿಂತಷ್ಟು ಕಾಲವೂ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಬೇಳೆಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಬೇಯುವಾಗ ಸಡಿಲಗೊಳ್ಳಬೇಕು. ನೀರಿನ ಕ್ಯಾಲ್ಸಿಯಂ ಅದನ್ನೇ ಇನ್ನಷ್ಟು ಬಿಗಿಯುತ್ತದೆ. ಅತ್ತೆ ಹೇಳಿದ್ದು ನಿಜವಾಗಿತ್ತು.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳಾದರೂ ನಾಲ್ಕು ವರ್ಷ ನಾನು ಇದನ್ನು ಸಹಿಸಿಕೊಂಡೇ ಇದ್ದೆ. ನಲ್ಲಿಯ ಬಾಯಲ್ಲಿ ಬಿಳಿ ಗಡ್ಡೆ, ಷವರಿನ ಅರ್ಧ ತೂತು ಬಂದ್, ಒಗೆದ ಬಿಳಿ ಅಂಗಿಗೆ ಬೂದು ಬಣ್ಣ, ಜಿಡ್ಡಾಗಿ ಅಂಟುವ ಕೂದಲು. ಹದಿನಾಲ್ಕು ತಿಂಗಳಲ್ಲಿ ಗೀಸರಿನ ಎಲಿಮೆಂಟ್ ಎರಡು ಸಲ ಸುಟ್ಟಿತು. ಎರಡನೇ ಸಲ ಮೆಕ್ಯಾನಿಕ್ ಅದನ್ನು ಹೊರಗೆಳೆದಾಗ ಬೆರಳು ದಪ್ಪದ ಸುಣ್ಣದ ಕವಚ ಕಂಡಿತು. ಒಳಗಿನ ಶಾಖ ಆ ಕವಚ ದಾಟಿ ನೀರಿಗೆ ಬರಲಾರದೆ ಎಲಿಮೆಂಟ್ ತನ್ನ ಬಿಸಿಗೆ ತಾನೇ ಬೆಂದಿತ್ತು. ಆ ದಿನ ಇದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲೇಬೇಕು ಎಂದು ನಿರ್ಧರಿಸಿದೆ.

ಮೊದಲು ಎಡವಿದ್ದು ಅಳತೆಯಲ್ಲಿ. ಮನೆಗೆ ಬಂದ ಮಾರಾಟಗಾರರೊಬ್ಬರು ಪೆನ್ನಿನಂಥ ಮೀಟರ್ ಅದ್ದಿ, "ಟಿಡಿಎಸ್ 1,100 ಇದೆ ಮೇಡಂ" ಎಂದು ಹೆದರಿಸಿದರು. ನಾವು ಅಡುಗೆಮನೆಗೆ ಆರ್‌ಒ ಹಾಕಿಸಿದೆವು. ಎಂಟೇ ತಿಂಗಳಲ್ಲಿ ನೀರು ಸೋಸುವ ಅದರ ಪೊರೆ, ಅಂದರೆ ಮೆಂಬ್ರೇನ್, ಸುಣ್ಣದಿಂದ ಕಟ್ಟಿಕೊಂಡಿತು. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು, ಅದರಿಂದ ಕರಗಿದ ಲವಣಗಳ ಒಟ್ಟು ಅಂದಾಜನ್ನು. ಮಳೆನೀರಿಗೆ ಒಂದು ಚಮಚ ಅಡುಗೆ ಉಪ್ಪು ಹಾಕಿದರೂ ಅದರ ಅಂಕಿ ಜಿಗಿಯುತ್ತದೆ, ಆದರೆ ಆ ನೀರು ಗಡಸಾಗುವುದಿಲ್ಲ. ಗಡಸುತನವನ್ನು ಬೇರೆಯಾಗಿಯೇ ಅಳೆಯಬೇಕು. ಹಣ ಖರ್ಚು ಮಾಡುವ ಮೊದಲು ತಿಳಿಯಬೇಕಾದ ಮಾತು ಇದೊಂದೇ ಎಂದು ಈಗಲೂ ನನಗೆ ಅನಿಸುತ್ತದೆ.

ಒಂಬತ್ತನೇ ತರಗತಿಯ ಮಕ್ಕಳಿಗೆ ಅವರವರ ಮನೆಯ ನೀರನ್ನು ಬಾಟಲಿಯಲ್ಲಿ ತರಲು ಹೇಳಿದೆ. ಮೈಸಾಬೂನನ್ನು ತುರಿದು ಮಳೆನೀರಿನಲ್ಲಿ ಕರಗಿಸಿ, ಪ್ರತಿ ಬಾಟಲಿಗೂ ಹನಿ ಹನಿಯಾಗಿ ಹಾಕಿ ಕುಲುಕಿದೆವು. ಶಾಂಪೂ, ಡಿಟರ್ಜೆಂಟ್ ಇದಕ್ಕೆ ಆಗುವುದಿಲ್ಲ, ಗಡಸು ನೀರಿನಲ್ಲೂ ಅವು ನೊರೆ ಕೊಡುತ್ತವೆ. ಮಳೆನೀರಿನಲ್ಲಿ ನಾಲ್ಕೇ ಹನಿಗೆ ನೊರೆ ನಿಂತಿತು. ನಮ್ಮ ಮನೆಯ ನೀರಿಗೆ ಅರವತ್ತು ಹನಿ ಹಾಕಿದರೂ ನೊರೆಯಿಲ್ಲ, ಹಾಲು ಒಡೆದಂತೆ ಬಿಳಿ ಕರಣೆ ತೇಲಿತು. ಕೂದಲಿಗೂ ಬಟ್ಟೆಗೂ ಅಂಟುತ್ತಿದ್ದದ್ದು ಇದೇ. ಒಂದೇ ಊರಿನ ಎರಡು ಬೋರ್‌ಗಳ ನೀರು ಬೇರೆ ಬೇರೆಯಾಗಿ ನಡೆದುಕೊಂಡದ್ದನ್ನು ಕಂಡು ಮಕ್ಕಳು ಬೆರಗಾದರು, ನಾನೂ.

ಆಮೇಲೆ ಹನಿ ಎಣಿಸುವ ಪರೀಕ್ಷಾ ಕಿಟ್ ತರಿಸಿದೆ. ನೀರಿಗೆ ಸೂಚಕ ಹಾಕಿದರೆ ದ್ರಾಕ್ಷಿ ಕೆಂಪು ಬರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಹಾಕುತ್ತಾ ಹೋದರೆ ಒಂದು ಹನಿಗೆ ಥಟ್ಟನೆ ನೀಲಿಯಾಗುತ್ತದೆ. ನನ್ನ ಕಿಟ್‌ನಲ್ಲಿ ಒಂದು ಹನಿ ಎಂದರೆ ಲೀಟರಿಗೆ 25 ಮಿಲಿಗ್ರಾಂ ಗಡಸುತನ. ನಮ್ಮ ನೀರು 26 ಹನಿ ಕುಡಿಯಿತು, ಅಂದರೆ 650. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 200ರವರೆಗೆ ಒಪ್ಪುವಂಥದ್ದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ನಮ್ಮದು ಅದನ್ನೂ ದಾಟಿತ್ತು. ಕೋಲಾರದ ಕಡೆಯವರು ಫ್ಲೋರೈಡನ್ನೂ ಪ್ರಯೋಗಾಲಯದಲ್ಲಿ ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಗಡಸುತನ ತೆಗೆಯುವ ಸಾಫ್ಟ್‌ನರ್ ಯಂತ್ರ ಕೂಡ ಅದನ್ನು ತೆಗೆಯುವುದಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟವಾಯಿತು. ಒಂದು ಲೀಟರ್ ನೀರನ್ನು ಹದಿನೈದು ನಿಮಿಷ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಆವಿಯಾದಷ್ಟನ್ನು ಮಳೆನೀರಿನಿಂದ ತುಂಬಿ ಮತ್ತೆ ಒಂದು ಲೀಟರ್ ಮಾಡಿದೆ. ಹೀಗೆ ತುಂಬದಿದ್ದರೆ ಲೆಕ್ಕ ತಪ್ಪುತ್ತದೆ. ಈಗ 13 ಹನಿ. ಅರ್ಧ ಗಡಸುತನ ಪಾತ್ರೆಯ ತಳದಲ್ಲಿ ಸುಣ್ಣವಾಗಿ ಕೂತಿತ್ತು. ಇದು ಬೈಕಾರ್ಬೊನೇಟ್‌ಗಳಿಂದ ಬರುವ ತಾತ್ಕಾಲಿಕ ಗಡಸುತನ, ಗೀಸರನ್ನು ಕೊಲ್ಲುವುದೂ ಇದೇ. ಉಳಿದರ್ಧ ಕುದಿಸಿದರೂ ಹೋಗದ ಶಾಶ್ವತ ಗಡಸುತನ.

ಅಲ್ಲಿಂದ ಮುಂದೆ ಮನೆಯ ನೀರನ್ನೆಲ್ಲ ಒಂದೇ ಎಂದು ನೋಡುವುದನ್ನು ಬಿಟ್ಟೆ. ಶೌಚಾಲಯಕ್ಕೆ, ಅಂಗಳಕ್ಕೆ ಬೋರ್ ನೀರೇ ಸಾಕು. ಸ್ನಾನ, ಗೀಸರ್, ಬಟ್ಟೆ ಒಗೆಯುವ ಯಂತ್ರ, ಈ ಮೂರಕ್ಕೆ ದಿನಕ್ಕೆ ಸುಮಾರು 300 ಲೀಟರ್ ಬೇಕು. ಅಂದರೆ ದಿನಕ್ಕೆ 195 ಗ್ರಾಂ ಗಡಸುತನ ತೆಗೆಯಬೇಕು. ಸಾಫ್ಟ್‌ನರ್ ಒಳಗೆ ಗಡಸುತನವನ್ನು ಹಿಡಿದಿಡುವ ಸಣ್ಣ ಮಣಿಗಳೇ ರೆಸಿನ್. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ 25 ಲೀಟರ್ ರೆಸಿನ್‌ನ ಸಾಫ್ಟ್‌ನರ್ ಆ ಒಂದೇ ಪೈಪಿಗೆ ಕೂರಿಸಿದೆವು. ಆರು ದಿನಕ್ಕೊಮ್ಮೆ ಮೂರು ಕಿಲೋ ಉಪ್ಪಿನ ನೀರು ಹಾಯಿಸಿದರೆ ರೆಸಿನ್ ಮತ್ತೆ ಸಿದ್ಧ.

ಅದು ಬಂದ ಮರುದಿನ ನಮ್ಮವರು ಟಿಡಿಎಸ್ ಮೀಟರ್ ಅದ್ದಿ, "ಏನೂ ಇಳಿದೇ ಇಲ್ಲವಲ್ಲ, ಮೋಸ ಹೋದೆವು" ಎಂದರು. ಸಾಫ್ಟ್‌ನರ್ ಕ್ಯಾಲ್ಸಿಯಂ ಇಟ್ಟುಕೊಂಡು ಅದರ ಬದಲಿಗೆ ಸೋಡಿಯಂ ಕೊಡುತ್ತದೆ. ಮೀಟರಿಗೆ ಎರಡೂ ಒಂದೇ. ನಾನು ಹನಿ ಕಿಟ್ ತಂದು ಅವರೆದುರಿಗೇ ಹಾಕಿದೆ. ಒಂದೇ ಹನಿಗೆ ನೀಲಿ.

ಆದರೆ ಆ ಸೋಡಿಯಂ ಸಣ್ಣ ವಿಷಯವಲ್ಲ. 100 ಮಿಲಿಗ್ರಾಂ ಗಡಸುತನಕ್ಕೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ನಮ್ಮ ನೀರಿಗೆ ಲೀಟರಿಗೆ 300ರಷ್ಟು. ಅತ್ತೆಗೆ ಬಿಪಿ ಇದೆ. ಹಾಗಾಗಿ ಆ ಪೈಪನ್ನು ಅಡುಗೆಮನೆಗೆ ಕೊಡಲೇ ಇಲ್ಲ. ರೆಸಿನ್ ತೊಳೆದ ಉಪ್ಪುನೀರನ್ನು ಮೊದಲ ತಿಂಗಳು ಹಿತ್ತಲಿಗೆ ಬಿಟ್ಟಿದ್ದೆವು. ಕರಿಬೇವಿನ ಎಲೆಯ ಅಂಚು ಸುಟ್ಟಂತೆ ಕಂದಿತು, ಮಣ್ಣು ಹೆಪ್ಪುಗಟ್ಟಿತು. ಈಗ ಅದು ಒಳಚರಂಡಿಗೆ ಹೋಗುತ್ತದೆ. ಅಷ್ಟು ನೀರು ಪೋಲಾಗುವುದು ಬರದ ಜಿಲ್ಲೆಯಲ್ಲಿರುವ ನನಗೆ ಇನ್ನೂ ನೋವಿನ ಸಂಗತಿ.

ಅಡುಗೆಗೆ ನೆಚ್ಚಿಕೊಂಡದ್ದು ಮಳೆಯನ್ನು. ನಮ್ಮ ತಾರಸಿ 1,000 ಚದರ ಅಡಿ. ಒಂದು ಮಿಲಿಮೀಟರ್ ಮಳೆಗೆ 93 ಲೀಟರ್. ಹತ್ತು ಮಿಲಿಮೀಟರ್ ಬಿದ್ದರೆ ನಷ್ಟ ಕಳೆದು 700 ಲೀಟರಿಗೂ ಮಿಕ್ಕಿ ಬರುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಸೋಸುವ ಫಿಲ್ಟರಿನ ಮೂಲಕ 3,000 ಲೀಟರಿನ ಮುಚ್ಚಿದ ಟ್ಯಾಂಕಿಗೆ ಇಳಿಸುತ್ತೇವೆ. ಕುಡಿಯುವುದನ್ನು ಕುದಿಸುತ್ತೇವೆ. ದಿನಕ್ಕೆ 20 ಲೀಟರಿನಂತೆ 150 ದಿನ, ಅಂದರೆ ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗೆ.

ಹಳೆಯ ಸುಣ್ಣಕ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಸಾಕು. ಷವರಿನ ತಲೆ ಬಿಚ್ಚಿ, ಲೀಟರ್ ಬಿಸಿನೀರಿಗೆ ಎರಡು ಚಮಚ ಹಾಕಿ ರಾತ್ರಿ ನೆನೆಸಿಡುತ್ತೇನೆ. ಗುಳ್ಳೆಗಳೆದ್ದು ಸುಣ್ಣ ಕರಗುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದರೆ ನಲ್ಲಿಯ ಹೊಳಪೂ ಹೋಗುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಗೀಸರಿನ ಥರ್ಮೋಸ್ಟಾಟನ್ನು 75ರಿಂದ 55 ಡಿಗ್ರಿಗೆ ಇಳಿಸಿದೆ, ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕೂರುತ್ತದೆ.

ಕಳೆದ ತಿಂಗಳು ಅದೇ ಮೆಕ್ಯಾನಿಕ್‌ನನ್ನು ಕರೆಸಿ ಎಲಿಮೆಂಟ್ ತೆಗೆಸಿ ನೋಡಿದೆ. ಹಾಕಿ ಮೂರು ವರ್ಷವಾಗಿತ್ತು. ಬಟ್ಟೆಯಲ್ಲಿ ಒರೆಸಿದರೆ ಹೋಗುವಷ್ಟು ಬಿಳಿ ಪೊರೆ ಇತ್ತು, ಅಷ್ಟೇ. ಆ ದಿನ ಮಧ್ಯಾಹ್ನ ಅತ್ತೆ ಮಳೆನೀರಿನಲ್ಲಿ ಬೇಳೆ ಇಟ್ಟಿದ್ದರು. ಮೂರು ಕೂಗಿಗೆ ಕುಕ್ಕರ್ ಇಳಿಸಿದರು.